ಭಟ್ಟಿಮನೆಯ ಗಾಳಿ

ಮದುವೆಯಾಗಿ ಬಂದ ಹೊಸದರಲ್ಲಿ ಬುಷ್ರಾ ಭಟ್ಟಿಮನೆಗೆ ಕಾಲಿಟ್ಟಾಗ ಮೂಗಿಗೆ ದುಪಟ್ಟಾ ಹಿಡಿಯಲಿಲ್ಲ. ಸೊಸೆಯಲ್ಲಿ ಮಾಬೂಬೀಗೆ ಮೊದಲು ಹಿಡಿಸಿದ್ದು ಅದೊಂದೇ. ಉಳಿದದ್ದರ ಬಗ್ಗೆ ಅವಳಿಗೆ ಅನುಮಾನವಿತ್ತು. ಬುಷ್ರಾ ಹರಿಹರದ ಹುಡುಗಿ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡವಳು, ದಾವಣಗೆರೆಯ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಸ್ಕೂಟಿ ಹತ್ತಿ ಹೋದರೆ ಬರುವುದು ಸಂಜೆಗೆ. ಇಂಥವಳಿಗೆ ಮಂಡಕ್ಕಿ ಹುರಿಯುವವರ ಮನೆ ಒಗ್ಗೀತೇ ಎಂದು ಓಣಿಯ ಹೆಂಗಸರು ಆಡಿಕೊಂಡದ್ದು ಮಾಬೂಬೀಯ ಕಿವಿಗೂ ಬಿದ್ದಿತ್ತು.

ಮಾಬೂಬೀಯ ಗಂಡ ಚಾಂದ್ ಪಾಷಾನ ಭಟ್ಟಿ ಆ ಓಣಿಯಲ್ಲಿ ಹಳೆಯದು. ಹದಡಿ, ಲೋಕಿಕೆರೆ ಕಡೆಯ ಭತ್ತ ತಂದು, ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ಲಿಗೆ ಹಾಕಿಸಿ, ಉಪ್ಪುನೀರು ಹಿಡಿಸಿದ ಆ ಅಕ್ಕಿಯನ್ನು ಕಾದ ಮರಳಿಗೆ ಎಸೆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅರಳಿ ಮಲ್ಲಿಗೆಯಾಗುತ್ತಿತ್ತು. ಒಲೆಯ ಬಾಯಿಗೆ ಹೊಟ್ಟು ಮತ್ತು ಕಟ್ಟಿಗೆ ಒಟ್ಟುವುದು, ಹುರಿಯುವುದು ಚಾಂದ್ ಪಾಷಾನ ಕೆಲಸ. ಜರಡಿ ಹಿಡಿದು ಮರಳು ಉದುರಿಸಿ ಚೀಲ ತುಂಬುವುದು ಮಾಬೂಬೀ ಮತ್ತು ಬಸವಣ್ಣೆಮ್ಮನದು. ಬಸವಣ್ಣೆಮ್ಮ ಆನೆಕೊಂಡದಿಂದ ನಡೆದೇ ಬರುತ್ತಿದ್ದಳು. ಅವಳೂ ಮಾಬೂಬೀಯೂ ಒಂದೇ ವಯಸ್ಸಿನವರು, ಹರೆಯದಿಂದ ಒಟ್ಟಿಗೆ ಜರಡಿ ಹಿಡಿದವರು. ತುಂಬಿದ ಚೀಲಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಅಂಗಡಿ ಅಂಗಡಿಗೆ ಮುಟ್ಟಿಸುವವನು ಮಗ ಇಮ್ರಾನ್, ಬುಷ್ರಾಳ ಗಂಡ.

ಮಾಬೂಬೀಗೆ ಬಹಳ ದಿನಗಳಿಂದ ಒಂದು ತಲೆನೋವಿತ್ತು. ಬೆಳಗಿನ ಹೊತ್ತು ಏನೂ ಇರುತ್ತಿರಲಿಲ್ಲ. ಮಧ್ಯಾಹ್ನದ ಊಟವಾಗಿ ಕೈ ತೊಳೆಯುವ ಹೊತ್ತಿಗೆ ನೆತ್ತಿಯ ಮೇಲೆ ಯಾರೋ ರುಬ್ಬುಗುಂಡು ಇಟ್ಟಂತಾಗುತ್ತಿತ್ತು. ಬಸವಣ್ಣೆಮ್ಮನಿಗೂ ಹಾಗೆಯೇ. ಇಬ್ಬರೂ ಹಣೆಗೆ ಬಟ್ಟೆ ಬಿಗಿದುಕೊಂಡು, ಮುಲಾಮು ಹಚ್ಚಿಕೊಂಡು, ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಬೆಂಕಿ ಮುಂದೆ ಬದುಕೋರಿಗೆ ಇದೆಲ್ಲಾ ಇದ್ದದ್ದೇ ಎನ್ನುವುದು ಅವರ ಸಮಾಧಾನ.

ಅದು ಇದ್ದದ್ದೇ ಎಂದು ಬುಷ್ರಾ ಒಪ್ಪಲಿಲ್ಲ. ಒಂದು ಭಾನುವಾರ ಅತ್ತೆಯ ಪಕ್ಕ ಜರಡಿ ಹಿಡಿದು ಕೂತವಳು ಕೇಳಿದಳು:

"ಅಮ್ಮಿ, ನಿಮ್ಗೆ ಶುಕ್ರವಾರ ತಲೆನೋವು ಬರ್ತೈತಾ?"

ಮಾಬೂಬೀ ಜರಡಿ ನಿಲ್ಲಿಸಿದಳು. ಶುಕ್ರವಾರ ಭಟ್ಟಿಗೆ ರಜೆ. ಆ ದಿನ ತಲೆನೋವು ಬಂದ ನೆನಪೇ ಅವಳಿಗಿರಲಿಲ್ಲ.

"ಯಾಕ ಕೇಳ್ತೀ?"

"ಸುಮ್ನೆ ಕೇಳಿದೆ" ಎಂದಳು ಬುಷ್ರಾ. ಅವಳು ಸುಮ್ಮನೆ ಏನನ್ನೂ ಕೇಳುವವಳಲ್ಲ ಎಂಬುದು ಮಾಬೂಬೀಗೆ ಆಮೇಲೆ ತಿಳಿಯಿತು.

ಆ ವಾರದ ಸಂಜೆಗಳನ್ನೆಲ್ಲ ಅವಳು ಅಡುಗೆಮನೆಯ ಮೂಲೆಯಲ್ಲಿ ಏನೇನೋ ತಂತಿಗಳನ್ನು ಬೆಸೆಯುತ್ತ ಕಳೆದಳು. ಕೊನೆಗೆ ಅವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಟಿಫನ್ ಡಬ್ಬಿ ಇತ್ತು. ಮೈತುಂಬ ತೂತು, ಮುಚ್ಚಳದ ಮೇಲೆ ಅಂಕಿ ತೋರಿಸುವ ಪುಟ್ಟ ಪರದೆ, ಪಕ್ಕದಲ್ಲಿ ಹಸಿರು, ಹಳದಿ, ಕೆಂಪು ದೀಪ. ಒಳಗೆ ಎರಡು ಸೆನ್ಸರ್.

"ಇದು ದೂಳು ಅಳಿತೈತೆ, ಅದು ಗ್ಯಾಸು ಅಳಿತೈತೆ" ಎಂದು ಅತ್ತೆಗೆ ತೋರಿಸಿದಳು. "ಕಣ್ಣಿಗೆ ಕಾಣೋದು ಹೊಗೆ. ಕಾಣದೇ ಇರೋದೂ ಒಂದೈತೆ ಅಮ್ಮಿ. ಅದಕ್ಕೆ ಬಣ್ಣ ಇಲ್ಲ, ವಾಸ್ನೆ ಇಲ್ಲ."

"ಕಾಣಲ್ಲ, ವಾಸ್ನೆ ಇಲ್ಲ ಅಂದ್ರೆ ಅದು ಐತೆ ಅಂತ ಹೆಂಗೆ ಹೇಳ್ತೀ?" ಚಾಂದ್ ಪಾಷಾ ಬೀಡಿ ಆರಿಸುತ್ತ ಕೇಳಿದ.

"ಅದ್ಕೇ ಅಬ್ಬಾ ಈ ಡಬ್ಬಿ."

ಅವನು ನಕ್ಕುಬಿಟ್ಟ. ಡಬ್ಬಿ ಭಟ್ಟಿಮನೆಯ ಗೋಡೆಗೆ, ಮಾಬೂಬೀ ಕೂರುವ ಜಾಗದ ಹಿಂದೆ, ಒಂದು ಮೊಳೆಗೆ ನೇತುಬಿತ್ತು. ಅದು ಅಳೆದದ್ದೆಲ್ಲ ಬುಷ್ರಾಳ ಫೋನಿಗೆ ಹೋಗುತ್ತಿತ್ತು.

ಎಲ್ಲರೂ ಎಣಿಸಿದ್ದು ಒಂದು, ಡಬ್ಬಿ ತೋರಿಸಿದ್ದು ಇನ್ನೊಂದು. ಬೆಳಿಗ್ಗೆ ಒಲೆ ಹೊತ್ತಿಸುವಾಗ, ಮನೆ ತುಂಬ ಹೊಗೆ ಸುತ್ತಿ ಕಣ್ಣಲ್ಲಿ ನೀರು ಬರುವಾಗ, ದೂಳಿನ ಅಂಕಿಯೇನೋ ಏರುತ್ತಿತ್ತು. ಆದರೆ ಗ್ಯಾಸಿನ ಅಂಕಿ ಆಗ ಅಷ್ಟಾಗಿ ಏರುತ್ತಿರಲಿಲ್ಲ. ಅದು ಏರುತ್ತಿದ್ದದ್ದು ಮಧ್ಯಾಹ್ನ. ಬೆಂಕಿ ತಗ್ಗಿಸಿ, ಕೆಂಡದ ಮೇಲೆ ಹೊಟ್ಟು ಮುಚ್ಚಿ, ಹೊಗೆಯೆಲ್ಲ ಹೋಯಿತು, ಈಗ ಹಾಯಾಗಿ ಉಣ್ಣೋಣ ಎಂದು ಹೆಂಗಸರಿಬ್ಬರೂ ಬುತ್ತಿ ಬಿಚ್ಚುವ ಹೊತ್ತಿನಲ್ಲಿ. ಅದರಲ್ಲೂ ಆಷಾಢದ ಗಾಳಿ ಶುರುವಾದ ಮೇಲೆ. ತೇವದ ಗಾಳಿ ತಗುಲಿದರೆ ಮಂಡಕ್ಕಿ ಮೆತ್ತಗಾಗುತ್ತದೆ, ಮೆತ್ತಗಾದ ಮಂಡಕ್ಕಿಯನ್ನು ಯಾವ ಮಿರ್ಚಿ ಅಂಗಡಿಯವನೂ ಮುಟ್ಟುವುದಿಲ್ಲ. ಹಾಗಾಗಿ ಮಳೆಗಾಲವಿಡೀ ಭಟ್ಟಿಮನೆಯ ಬಾಗಿಲು, ಕಿಟಕಿ ಎಲ್ಲ ಮುಚ್ಚಿರುತ್ತಿದ್ದವು. ಕಿಟಕಿಯ ಸಂದಿಗೆ ಗೋಣಿಚೀಲವನ್ನೂ ತುರುಕುತ್ತಿದ್ದರು.

ಬುಷ್ರಾ ಇದನ್ನೆಲ್ಲ ಮಾವನ ಮುಂದೆ ಹೇಳಿದಳು. ಮೇಲೆ ಒಂದು ಕಿಂಡಿ ಇಡಿಸೋಣ, ಊಟಕ್ಕಾದರೂ ಹೊರಗೆ ಕೂರಲಿ ಎಂದಳು.

"ಬೇಟಿ, ನಮ್ಮಪ್ಪ ಇಲ್ಲೇ ಉಂಡ, ಇಲ್ಲೇ ಮಲಗಿದ. ತೊಂಬತ್ತು ತುಂಬಿಸಿಕೊಂಡು ಹೋದ" ಎಂದ ಚಾಂದ್ ಪಾಷಾ. "ಕಿಂಡಿ ಇಟ್ರೆ ಮಾಲು ಹೋಗ್ತೈತೆ. ಅದೊಂದು ಮಾತು ಬ್ಯಾಡ."

ಅವನಪ್ಪನ ಕಾಲದಲ್ಲಿ ಭಟ್ಟಿಗೆ ಹಂಚಿನ ಮಾಡು ಇತ್ತು, ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ಸಿಮೆಂಟಿನ ತಾರಸಿ ಹಾಕಿಸಿದ್ದು ಚಾಂದ್ ಪಾಷಾನೇ. ಬುಷ್ರಾ ಅದನ್ನು ಎತ್ತಿ ಆಡಲಿಲ್ಲ. ಡಬ್ಬಿಗೆ ಒಂದು ಸಣ್ಣ ಪೀಪಿ ಸೇರಿಸಿದಳು, ಅಷ್ಟೆ. ಕೆಂಪು ದೀಪ ಹತ್ತಿದರೆ ಅದು ಕೂಗುತ್ತಿತ್ತು.

"ಇದು ಕೂಗಿದ್ರೆ ತಟ್ಟೆ ಹಿಡ್ಕೊಂಡು ಹೊರಗೆ ಹೋಗ್ರಿ ಅಮ್ಮಿ. ಬಸವಣ್ಣೆಮ್ಮಾರನ್ನೂ ಕರ್ಕೊಂಡು ಹೋಗ್ರಿ. ಮಳೆ ಇದ್ರೂ ಹೋಗ್ರಿ."

ಕೆಲವು ದಿನ ಅವರು ಹೋದರು. ಮನೆಯ ಮುಂದಿನ ಕಟ್ಟೆಯ ಮೇಲೆ, ತಗಡಿನ ಚಾಚಿನಡಿ ಕೂತು ಉಂಡರು. ತಲೆನೋವು ಕಡಿಮೆಯಾದದ್ದನ್ನು ಇಬ್ಬರೂ ಗಮನಿಸಿದರು. ಆದರೆ ಹೊರಗೆ ತಣ್ಣನೆ ಕಟ್ಟೆಯಲ್ಲಿ ಕೂತಿದ್ದಕ್ಕೋ ಏನೋ ಎಂದುಕೊಂಡರು.

ಒಂದು ಬುಧವಾರ, ಮಧ್ಯಾಹ್ನ ಬೆಂಕಿ ತಗ್ಗಿಸುವ ಹೊತ್ತಿಗೆ, ಚಿತ್ರದುರ್ಗದ ಕಡೆಯಿಂದ ಒಬ್ಬ ಹೊಸ ವ್ಯಾಪಾರಿ ಬಂದಿದ್ದ. ಎದುರು ಭಟ್ಟಿಯ ಮಕ್ತುಮ್ ಸಾಬನೇ ಅವನನ್ನು ಕರೆತಂದಿದ್ದ. ಚಾಂದ್ ಪಾಷಾ ಬೊಗಸೆಯಲ್ಲಿ ಬಿಸಿ ಮಂಡಕ್ಕಿ ಹಿಡಿದು ಅವನ ಮುಂದೆ ಚಾಚುವುದಕ್ಕೂ ಗೋಡೆಯ ಮೇಲಿನ ಡಬ್ಬಿ ಕೀ ಎಂದು ಕಿರುಚುವುದಕ್ಕೂ ಸರಿಹೋಯಿತು.

"ಏನ್ರೀ ಇದು?" ಎಂದು ವ್ಯಾಪಾರಿ ಬೆಚ್ಚಿದ.

"ಪಾಷಾನ ಸೊಸೆ ಇಟ್ಟಿರೋ ಕಾವಲು" ಎಂದು ಮಕ್ತುಮ್ ಸಾಬ್ ನಕ್ಕ. "ಇಲ್ಲಿ ಗಾಳಿ ಸರಿ ಇಲ್ಲಂತೆ. ಮಂಡಕ್ಕಿ ಹೆಂಗೈತೋ ನೋಡ್ರಿ ಮತ್ತೆ."

ಚಾಂದ್ ಪಾಷಾನ ಮುಖ ಒಲೆಯ ಬಾಯಿಯ ಹಾಗೆ ಕೆಂಪಾಯಿತು. ಅವನು ವ್ಯಾಪಾರಿಯನ್ನು ಬಾಗಿಲ ಕಡೆ ಕರೆದೊಯ್ಯುತ್ತಿದ್ದಂತೆ, ಗಂಡನ ಆ ಮುಖ ನೋಡಲಾಗದೆ ಮಾಬೂಬೀಯೇ ಎದ್ದು, ಡಬ್ಬಿಯನ್ನು ಮೊಳೆಯಿಂದ ಇಳಿಸಿ, ಕೆಳಗಿದ್ದ ಗುಂಡಿ ಒತ್ತಿದಳು. ಪೀಪಿ ನಿಂತಿತು, ದೀಪ ಆರಿತು, ಪರದೆ ಕಪ್ಪಾಯಿತು. ಅದನ್ನು ಚೀಲಗಳ ಹಿಂದೆ ಇಟ್ಟಳು.

ವ್ಯಾಪಾರಿಯನ್ನು ಕರೆದುಕೊಂಡು ಗಂಡಸರು ಚಹಾ ಕುಡಿಯಲು ಹೋದರು. ಮಳೆ ಜೋರಾಯಿತು. ಬಾಗಿಲು ಎಳೆದುಕೊಂಡು, ಹೆಂಗಸರಿಬ್ಬರೂ ಒಳಗೇ ಬುತ್ತಿ ಬಿಚ್ಚಿದರು. ಬಸವಣ್ಣೆಮ್ಮ ರೊಟ್ಟಿಯ ಜೊತೆ ಹಿಂಡಿಪಲ್ಯ ತಂದಿದ್ದಳು. ಅರ್ಧ ರೊಟ್ಟಿ ಮುಗಿಯುವಷ್ಟರಲ್ಲಿ, "ಅಕ್ಕಾ, ಯಾಕೋ ಕಣ್ಣು ಕತ್ತಲೆ ಬರ್ತೈತೆ" ಎಂದವಳು ಗೋಡೆಗೆ ಒರಗಿದಳು. ಮಾಬೂಬೀ ಏಳಲು ನೋಡಿದಳು. ಕಾಲು ತನ್ನದಲ್ಲ ಎನಿಸಿತು. ನೀರು ತರಬೇಕು ಎಂದುಕೊಂಡಳು, ಬಿಂದಿಗೆ ಯಾವ ಕಡೆಗಿದೆ ಎಂಬುದು ನೆನಪಾಗಲಿಲ್ಲ. ಮೈಯಲ್ಲಿ ಭಯವೂ ಇರಲಿಲ್ಲ. ಗಾಢವಾದ ನಿದ್ದೆಯೊಂದು ಕೈಹಿಡಿದು ಎಳೆಯುತ್ತಿತ್ತು, ಹೋದರಾಯಿತು ಎನಿಸುತ್ತಿತ್ತು.

ಬಾಗಿಲು ಧಡಾರನೆ ತೆರೆದದ್ದು, ತಣ್ಣನೆ ಮಳೆಗಾಳಿ ಮುಖಕ್ಕೆ ಬಡಿದದ್ದು, ಯಾರೋ ಕಂಕುಳಿಗೆ ಕೈ ಹಾಕಿ ಎಳೆದದ್ದು ಅವಳಿಗೆ ತುಂಡುತುಂಡಾಗಿ ನೆನಪಿದೆ. ಕಟ್ಟೆಯ ಮೇಲೆ ಮಲಗಿದ್ದಾಗ ಕಣ್ಣು ಬಿಟ್ಟರೆ, ಬುಷ್ರಾ ಮೂಗು ಬಾಯಿಗೆ ಒದ್ದೆ ದುಪಟ್ಟಾ ಕಟ್ಟಿಕೊಂಡು ಮತ್ತೆ ಒಳಗೆ ನುಗ್ಗುತ್ತಿದ್ದಳು. ತನ್ನ ಒಂದೂವರೆ ಪಟ್ಟು ತೂಕದ ಬಸವಣ್ಣೆಮ್ಮನನ್ನು ಹೊಸ್ತಿಲು ದಾಟಿಸಿ ತಂದದ್ದು ಹೇಗೋ ಆ ದೇವರೇ ಬಲ್ಲ. ಅಷ್ಟರಲ್ಲಿ ಓಣಿಯವರು ಕೂಡಿದರು, ಇಮ್ರಾನನ ಆಟೋ ಬಂತು. ಮಂಡಕ್ಕಿ ಚೀಲಗಳನ್ನು ಬೀದಿಗೆ ಎಸೆದು ಇಬ್ಬರನ್ನೂ ಅದರಲ್ಲಿ ಮಲಗಿಸಿ ಆಸ್ಪತ್ರೆಗೆ ಒಯ್ದರು.

ಬುಷ್ರಾ ಕಾಲೇಜು ಬಿಟ್ಟು ಬಂದದ್ದು ಯಾಕೆ ಎಂಬುದನ್ನು ಇಮ್ರಾನ್ ಆಮೇಲೆ ತಾಯಿಗೆ ಹೇಳಿದ. ಲ್ಯಾಬಿನಲ್ಲಿ ಫೋನು ನೋಡಿದಾಗ ಅಂಕಿಗಳು ಕೆಂಪಿಗೆ ಏರಿ, ಹಠಾತ್ತನೆ ನಿಂತಿದ್ದವು. ಅವಳು ಮಾಬೂಬೀಗೆ ಫೋನು ಮಾಡಿದಳು, ಎತ್ತಲಿಲ್ಲ. ಮಾವನಿಗೆ ಮಾಡಿದಳು, ಅವನ ಫೋನು ಭಟ್ಟಿಯಲ್ಲೇ ಇತ್ತು. ಕರೆಂಟು ಹೋಗಿರಬಹುದು ಎಂದು ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು. ಅವಳು ಇಮ್ರಾನನಿಗೆ ಬೇಗ ಬರಲು ಹೇಳಿ, ಮಳೆಯಲ್ಲೇ ಸ್ಕೂಟಿ ಹತ್ತಿದ್ದಳು.

ಆಸ್ಪತ್ರೆಯಲ್ಲಿ ಇಬ್ಬರಿಗೂ ಆಮ್ಲಜನಕ ಹಾಕಿದರು. ಡಾಕ್ಟರು ಚಾಂದ್ ಪಾಷಾನನ್ನು ಕರೆದು, "ಕೆಂಡದ ಗ್ಯಾಸು ಇದು. ಕಾರ್ಬನ್ ಮಾನಾಕ್ಸೈಡ್. ರಕ್ತಕ್ಕೆ ಸೇರಿಬಿಟ್ರೆ ಮನುಷ್ಯ ನಿದ್ದೆಯಲ್ಲೇ ಹೋಗ್ತಾನೆ. ನಿಮ್ಮ ಪುಣ್ಯ, ಬೇಗ ಹೊರಗೆ ತಂದಿದ್ದಾರೆ" ಎಂದರು. ಚಾಂದ್ ಪಾಷಾ ಮಂಚದ ಬಳಿ ಬಂದು ಸೊಸೆಯನ್ನು ಕೇಳಿದ:

"ಬೇಟಿ, ಇವತ್ತು ಆ ಡಬ್ಬಿ ಯಾಕ ಮತ್ತೆ ಕೂಗಲಿಲ್ಲ?"

ಮಾಬೂಬೀ ಸೊಸೆಯ ಮುಖ ನೋಡಿದಳು. ಚೀಲಗಳ ಹಿಂದೆ ಆರಿದ ಡಬ್ಬಿಯನ್ನು ಬುಷ್ರಾ ನೋಡಿರಲೇಬೇಕು.

"ನಾನು ಅದನ್ನ ಸುಲಭಕ್ಕೆ ಆರಿಸೋ ಹಂಗೆ ಮಾಡಿಟ್ಟಿದ್ದೆ ಅಬ್ಬಾ" ಎಂದಳು ಬುಷ್ರಾ. "ತಪ್ಪು ನಂದು. ಮಂದಿ ಬಂದಾಗ ಅದು ಕಿರಿಚಿದ್ರೆ ಯಾರಿಗಾದ್ರೂ ಮುಜುಗರ ಆಗ್ತೈತೆ. ನಾನು ಅದನ್ನ ಯೋಚನೆ ಮಾಡ್ಬೇಕಿತ್ತು."

ಮಾಬೂಬೀ ಮೂಗಿನ ಮೇಲಿನ ಕೊಳವೆಯನ್ನು ಸರಿಸಿ, "ಆರಿಸಿದ್ದು ನಾನು" ಎಂದಳು. ಪಕ್ಕದ ಮಂಚದಲ್ಲಿ ಬಸವಣ್ಣೆಮ್ಮ ಕಣ್ಣು ಬಿಟ್ಟು ಕೇಳುತ್ತಿದ್ದಳು.

"ಕೊಳವೆ ಹಾಕ್ಕೊಳ್ರಿ ಅಮ್ಮಿ" ಎಂದು ಬುಷ್ರಾ ಅದನ್ನು ಮತ್ತೆ ಸರಿಯಾಗಿ ಕೂರಿಸಿದಳು. ಅಷ್ಟೇ. ಆ ದಿನವಾಗಲಿ, ಆಮೇಲಾಗಲಿ, ನಾನು ಹೇಳಿರಲಿಲ್ಲವೇ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಕಾಲೇಜಿನ ಓದು ಕಲಿಸುವ ಗುಣ ಇದಲ್ಲ ಎಂದು ಮಾಬೂಬೀಗೆ ಅನಿಸಿತು. ಮಲಗಿದ್ದಲ್ಲಿಂದಲೇ ಅವಳು ಸೊಸೆಯನ್ನು ಹೊಸದಾಗಿ ನೋಡಿದಳು. ಒದ್ದೆ ಬಟ್ಟೆ ಇನ್ನೂ ಮೈಮೇಲೆಯೇ ಆರುತ್ತಿತ್ತು, ಮೊಣಕೈ ತರಚಿತ್ತು. ಹುಡುಗಿ ಬಸವಣ್ಣೆಮ್ಮನ ಕಾಲು ಒತ್ತುತ್ತ, ಆನೆಕೊಂಡಕ್ಕೆ ಯಾರ ಕೈಲಿ ಸುದ್ದಿ ಕಳಿಸಲಿ ಎಂದು ಕೇಳುತ್ತಿದ್ದಳು.

ಮನೆಗೆ ಬಂದ ಮೇಲೆ ಚಾಂದ್ ಪಾಷಾ ಒಲೆ ಹೊತ್ತಿಸಲಿಲ್ಲ. ಎರಡು ದಿನ ಸುಮ್ಮನೆ ತಣ್ಣಗಿನ ಭಟ್ಟಿಯ ಮುಂದೆ ಕೂತಿದ್ದ. ಮೂರನೆಯ ದಿನ ಸೊಸೆಯನ್ನು ಕರೆದು, "ಏನು ಮಾಡ್ಬೇಕೋ ಮಾಡು. ಆದ್ರೆ ಮಂಡಕ್ಕಿ ಅರಳಬೇಕು" ಎಂದ.

"ಅಷ್ಟು ಸಾಕು ಅಬ್ಬಾ" ಎಂದಳು ಬುಷ್ರಾ. "ಇದು ನನ್ನೊಬ್ಬಳ ಕೈಲಿ ಆಗೋ ಕೆಲ್ಸ ಅಲ್ಲ. ಗಾಳಿ ಹೆಂಗೈತೆ ಅಂತ ನಾನು ಹೇಳಬಲ್ಲೆ. ಅದನ್ನ ತಿರುಗಿಸೋರು ಹರಿಹರದಾಗೆ ಒಬ್ರು ಅದಾರೆ."

ಹರಿಹರದಲ್ಲಿ ಬುಷ್ರಾಳ ತವರಿನ ಪಕ್ಕದ ಮನೆಯವರು ಮುರುಗೇಶಪ್ಪ. ಕಾರ್ಖಾನೆಯೊಂದರ ಎರಕದ ವಿಭಾಗದಲ್ಲಿ ಆಯುಷ್ಯವೆಲ್ಲ ಕುಲುಮೆಗಳ ಜೊತೆ ಕಳೆದು, ನಿವೃತ್ತರಾಗಿ, ಮನೆಯ ಹಿಂದೆ ಒಂದು ಶೆಡ್ಡು ಹಾಕಿಕೊಂಡು ತಗಡಿನ ಕೆಲಸ ಮಾಡುತ್ತಿದ್ದರು. ಬುಷ್ರಾ ಚಿಕ್ಕಂದಿನಿಂದ ಅವರನ್ನು ಕಾಕಾ ಎಂದೇ ಕರೆದವಳು. ಅವರು ಬಂದರು, ಭಟ್ಟಿಯ ಸುತ್ತ ತಿರುಗಿದರು, ತಾರಸಿಯನ್ನು ಕೋಲಿನಿಂದ ಬಡಿದು ನೋಡಿದರು.

"ಸಾಬ್ರೆ, ಬೆಂಕಿಗೂ ಉಸಿರು ಬೇಕು, ಮನುಷ್ಯಂಗೂ ಬೇಕು. ಇಲ್ಲಿ ಇಬ್ರೂ ಒಂದೇ ಲೋಟದಾಗೆ ಕುಡೀತಾ ಅದಾರೆ" ಎಂದರು.

ಭಟ್ಟಿಯ ನೆತ್ತಿಯ ಮೇಲೆ ದೊಡ್ಡ ತಗಡಿನ ಗೂಡು, ಅದರಿಂದ ತಾರಸಿ ತೂರಿ ಮೇಲೇಳುವ ಕೊಳವೆ. ಒಂದು ವಾರದಲ್ಲಿ ಅದು ನಿಂತಿತು. ಒಲೆ ಹೊತ್ತಿಸಿದರು. ಹೊಗೆ ಸರ್ರನೆ ಮೇಲೆ ಹೋಯಿತು, ಡಬ್ಬಿಯ ಮೇಲೆ ಹಸಿರು ದೀಪ ಹತ್ತಿತು. ಎಲ್ಲರ ಮುಖವೂ ಅರಳಿತು, ಅರಳದೆ ಉಳಿದದ್ದು ಮಂಡಕ್ಕಿ ಮಾತ್ರ. ಕೊಳವೆ ಬೆಂಕಿಯ ಶಾಖವನ್ನೂ ಎಳೆದುಕೊಂಡು ಹೋಗುತ್ತಿತ್ತು. ಮರಳು ಸಾಕಷ್ಟು ಕಾಯಲಿಲ್ಲ. ಅರ್ಧಕ್ಕರ್ಧ ಅಕ್ಕಿ ಬರೀ ಉಬ್ಬಿ, ಗಟ್ಟಿ ಕಾಳಾಗಿ ಉಳಿಯಿತು. ಅರಳಿದ್ದೂ ಸಂಜೆಯ ಹೊತ್ತಿಗೆ ಬಾಯಲ್ಲಿ ಚರ್ಮದಂತಾಯಿತು.

ಮಕ್ತುಮ್ ಸಾಬ್ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಗಾಳಿ ಚಲೋ ಆಗೈತೆ ಪಾಷಾ. ಇನ್ನು ಗಾಳಿನೇ ಮಾರು" ಎಂದು ಹೋದ.

ಚಾಂದ್ ಪಾಷಾ ಮುಖ ಊದಿಸಿಕೊಂಡು ಒಳಗೆ ಹೋಗಿ ಮಲಗಿದ. ಮುರುಗೇಶಪ್ಪನವರು ತಲೆ ಕೆರೆದುಕೊಂಡು ಕೊಳವೆ ನೋಡುತ್ತ ನಿಂತರು. ಬುಷ್ರಾ ಮಾತ್ರ ಮಾಬೂಬೀಯ ಪಕ್ಕ, ಜರಡಿಯ ಹತ್ತಿರ, ಚಕ್ಕಳಮಕ್ಕಳ ಹಾಕಿ ಕೂತಳು.

"ಅಮ್ಮಿ, ನೀವು ದಿನಾ ಇಲ್ಲಿ ಕೂಡ್ತೀರಿ. ಇವತ್ತು ಮೈಗೆ ಏನು ಬೇರೆ ಅನ್ನಿಸ್ತು?"

ಮಾಬೂಬೀ ಯೋಚಿಸಿದಳು. ಅವಳನ್ನು ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಬೆನ್ನಿಗೆ ಚಳಿ ಆತು" ಎಂದಳು. "ಬಾಗ್ಲು ಸಂದಿಯಿಂದ ಗಾಳಿ ಬಂದು ಬೆನ್ನು ಸವರಿ ಒಲೆ ಕಡೆ ಹೋಗ್ತಿತ್ತು."

"ನನ್ಗೂ" ಎಂದಳು ಬಸವಣ್ಣೆಮ್ಮ. "ಮಂಡಕ್ಕಿ ರಾಶಿ ಮ್ಯಾಲೆ ಹಾದು ಹೋಗ್ತಿತ್ತು ನೋಡ್ರಿ."

ಬುಷ್ರಾ ಮೇಲೆದ್ದು ಒಳಗಿನಿಂದ ಊದುಬತ್ತಿ ತಂದು ಹಚ್ಚಿದಳು. ಅದನ್ನು ಬಾಗಿಲ ಸಂದಿಯ ಬಳಿ ಹಿಡಿದಾಗ ಹೊಗೆಯ ಎಳೆ ನೆಲದುದ್ದಕ್ಕೂ ಹರಿದು, ಮಂಡಕ್ಕಿ ರಾಶಿಯನ್ನು ಸವರಿ, ಒಲೆಯ ಬಾಯಿಗೆ ಹೋಗಿ ಸೇರಿತು. ಮುರುಗೇಶಪ್ಪನವರು ತೊಡೆ ತಟ್ಟಿಕೊಂಡರು.

"ಅಯ್ಯೋ ನನ್ನ! ಬೆಂಕಿ ಉಸಿರು ಎಳ್ಕೊಳ್ಳಾಕೆ ದಾರಿನೇ ಇಟ್ಟಿಲ್ಲ. ಅದಕ್ಕೆ ಅದು ಮಳೆಗಾಳಿನ ನಿಮ್ಮ ಮಾಲಿನ ಮ್ಯಾಲೆ ಹಾಸಿ ಎಳೀತಾ ಐತೆ."

ಆಮೇಲಿನ ದಿನಗಳಲ್ಲಿ ಅವರಿಬ್ಬರೂ ಸೇರಿ ಮಾಡಿದ ಕೆಲಸವನ್ನು ನೋಡುವುದೇ ಮಾಬೂಬೀಗೆ ಒಂದು ಸಂಭ್ರಮವಾಯಿತು. ಒಲೆಯ ಹಿಂದಿನ ಗೋಡೆಯಲ್ಲಿ, ನೆಲಮಟ್ಟದಲ್ಲಿ, ಎರಡು ಇಟ್ಟಿಗೆ ತೆಗೆದು ಬೆಂಕಿಗೆ ನೇರ ಗಾಳಿ ಬರುವ ಕಿಂಡಿ ಮಾಡಿದರು. ಹುರಿದ ಮಂಡಕ್ಕಿಯ ರಾಶಿಯನ್ನು ಒಳಕೋಣೆಗೆ ಸಾಗಿಸಿದರು. ಕೊಳವೆಯೊಳಗೆ, ತಿರುಗಿಸಿದರೆ ಎಳೆತ ಹೆಚ್ಚು ಕಡಿಮೆ ಆಗುವ ಹಾಗೆ, ಒಂದು ತಗಡಿನ ಬಿಲ್ಲೆ ಕೂರಿಸಿದರು. ಪ್ರತಿ ಬದಲಾವಣೆ ಆದಾಗಲೂ ಬುಷ್ರಾ ಡಬ್ಬಿಯನ್ನು ಹಿಡಿದು ಮೂಲೆಮೂಲೆಗೂ ಹೋಗುತ್ತಿದ್ದಳು. ಹೆಂಗಸರು ಕೂರುವ ಎತ್ತರಕ್ಕೆ, ನಿಲ್ಲುವ ಎತ್ತರಕ್ಕೆ, ಒಲೆಯ ಮುಂದೆ ಮಾವ ಬಗ್ಗುವ ಎತ್ತರಕ್ಕೆ. ಅಂಕಿ ನೋಡುವಳು, ಮತ್ತೆ ಕೇಳುವಳು: "ಈಗ ಹೆಂಗೈತೆ ಅಮ್ಮಿ? ಬಸವಣ್ಣೆಮ್ಮಾರೆ, ನಿಮ್ಗೆ?" ಡಬ್ಬಿ ಒಂದು ಹೇಳಿ ಹೆಂಗಸರು ಇನ್ನೊಂದು ಹೇಳಿದರೆ, ಎರಡೂ ಒಪ್ಪುವವರೆಗೂ ಬಿಡುತ್ತಿರಲಿಲ್ಲ.

ಬಿಲ್ಲೆ ಕೂರಿಸುವ ದಿನ ಅವಳು ಮುರುಗೇಶಪ್ಪನವರನ್ನು ತಡೆದಳು.

"ಕಾಕಾ, ಇದು ಪೂರ್ತಿ ಮುಚ್ಚಬಾರದು. ಅಂಚಿನಾಗೆ ಒಂದು ತುಂಡು ಕತ್ತರಿಸಿ ತೆಗೀರಿ."

"ಪೂರ್ತಿ ಮುಚ್ಚಬ್ಯಾಡ್ರಿ ಅಂತ ಹೇಳಿದ್ರೆ ಸಾಲದಾ?"

"ಕೆಂಡ ಇರುವಾಗ ಯಾರಾದ್ರೂ ಮರೆತು ಮುಚ್ಚಿಬಿಡ್ತಾರೆ. ಮರೆಯೋದು ಮನುಷ್ಯರ ಗುಣ. ಮರೆತ್ರೂ ಯಾರಿಗೂ ಏನೂ ಆಗಬಾರದು ಕಾಕಾ, ಹಂಗೆ ಮಾಡ್ರಿ."

ಮುರುಗೇಶಪ್ಪನವರು ಕತ್ತರಿ ಹಿಡಿದು ಅವಳನ್ನೇ ನೋಡಿದರು. "ಕಾರ್ಖಾನೆಯಾಗೆ ನಮ್ಮ ಮ್ಯಾಲಿನೋರು ಈ ಮಾತು ತಿಳ್ಕೊಂಡಿದ್ರೆ ನನ್ನ ಜೊತೆಯವ್ರ ಎಷ್ಟು ಬೆರಳು ಉಳೀತಿದ್ವು!" ಎಂದರು. ಅಂಚನ್ನು ಅರ್ಧಚಂದ್ರದ ಹಾಗೆ ಕತ್ತರಿಸಿದರು.

ಹೊಸ ಒಲೆಯಲ್ಲಿ ಮೊದಲ ಅಕ್ಕಿ ಬಿದ್ದ ಬೆಳಿಗ್ಗೆ ಜಿಟಿಜಿಟಿ ಮಳೆಯಿತ್ತು. ಚಾಂದ್ ಪಾಷಾ ಬಿಸ್ಮಿಲ್ಲಾ ಎಂದು ಮರಳಿಗೆ ಅಕ್ಕಿ ಎಸೆದ. ಪಟಪಟ ಸದ್ದು ಏರಿ, ಕಡಾಯಿಯ ತುಂಬ ಬೆಳ್ಳಗೆ ಉಕ್ಕಿತು. ನೇರ ಗಾಳಿ ಸಿಕ್ಕ ಬೆಂಕಿ ಮೊದಲಿಗಿಂತ ಚುರುಕಾಗಿತ್ತು, ಹೊಟ್ಟೂ ಕಡಿಮೆ ಸಾಕಾಯಿತು. ಅವನು ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿ ಅಗಿದ. ಇನ್ನೊಂದು ಹಿಡಿಯನ್ನು ಸೊಸೆಯ ಅಂಗೈಗೆ ಸುರಿದ. ಮಧ್ಯಾಹ್ನ ಬೆಂಕಿ ತಗ್ಗಿಸಿದ ಮೇಲೆ, ಎಲ್ಲರಿಗಿಂತ ಮೊದಲು ಹೋಗಿ ಡಬ್ಬಿಯ ಮುಂದೆ ನಿಂತವನು ಅವನೇ.

"ಹಸಿರೇ ಐತೆ" ಎಂದು ಕೂಗಿ ಹೇಳಿದ. "ಮಾಬೂಬೀ, ಬಂದು ನೋಡು. ಹಸಿರೇ ಐತೆ!"

ಆ ದಿನ ಊಟದ ಮೇಲೆ ಮಾಬೂಬೀ ಹಣೆಗೆ ಬಟ್ಟೆ ಕಟ್ಟಲಿಲ್ಲ. ಮರುದಿನವೂ ಕಟ್ಟಲಿಲ್ಲ. ಬಸವಣ್ಣೆಮ್ಮ ಜರಡಿ ಹಿಡಿದು ಹಾಡಲು ಶುರುಮಾಡಿದಳು. ಮಧ್ಯಾಹ್ನದ ಮೇಲೆ ಅವಳ ದನಿ ಕೇಳಿ ಎಷ್ಟು ವರ್ಷವಾಗಿತ್ತು ಎಂದು ಮಾಬೂಬೀ ಬೆರಗಾದಳು. ದುಡಿದ ದಣಿವು ಅಂದುಕೊಂಡದ್ದು ದಣಿವಾಗಿರಲೇ ಇಲ್ಲ.

ಕೆಲವು ವಾರ ಕಳೆದ ಮೇಲೆ ಮಕ್ತುಮ್ ಸಾಬನ ಹೆಂಡತಿಗೂ ಭಟ್ಟಿಯಲ್ಲಿ ತಲೆ ತಿರುಗಿತು. ಅವನು ಬಂದು ಬಾಗಿಲಲ್ಲಿ ನಿಂತ. ಟೋಪಿ ತೆಗೆದು, ಮತ್ತೆ ಹಾಕಿಕೊಂಡು, "ಪಾಷಾ, ಆ ಡಬ್ಬಿ ಒಂದು ವಾರ ಕೊಡ್ತೀಯಾ?" ಎಂದ.

ಚಾಂದ್ ಪಾಷಾನ ಬಾಯಲ್ಲಿ ಒಂದು ಉತ್ತರ ಸಿದ್ಧವಿತ್ತು. ಅಷ್ಟರಲ್ಲಿ ಬುಷ್ರಾ ಮೊಳೆಯಿಂದ ಡಬ್ಬಿ ಇಳಿಸಿಯಾಗಿತ್ತು.

"ನಡೀರಿ ಚಾಚಾ, ನಾನೇ ಕಟ್ಟಿಕೊಡ್ತೀನಿ. ಚಾಚಿ ಎಲ್ಲಿ ಕೂಡ್ತಾರೆ ತೋರಿಸ್ರಿ."

ಮಾಬೂಬೀ ಜರಡಿ ಬಿಟ್ಟು ಅವಳ ಹಿಂದೆಯೇ ಹೋದಳು. ಎದುರು ಭಟ್ಟಿಯಲ್ಲಿ ಮೊಳೆ ಹೊಡೆಯುವಾಗ, "ಅಲ್ಲಿ ಬ್ಯಾಡ, ಇನ್ನೂ ಕೆಳಗೆ" ಎಂದವಳು ಅವಳೇ. "ಇವಳು ನಿಂತು ಉಸಿರಾಡ್ತಾಳಾ, ಕೂತು ಉಸಿರಾಡ್ತಾಳಾ? ಕೂತ ಎತ್ತರಕ್ಕೆ ಹೊಡಿ." ಬುಷ್ರಾ ನಕ್ಕು ಮೊಳೆಯನ್ನು ಕೆಳಗೆ ಇಳಿಸಿದಳು.

ಓಣಿಯಲ್ಲಿ ಇನ್ನೆರಡು ಡಬ್ಬಿಗಳು ಬೇಕೆಂದಾಗ ಬುಷ್ರಾ ಕಾಲೇಜಿನ ಹುಡುಗಿಯರನ್ನು ಕೂರಿಸಿಕೊಂಡು ಮಾಡಿಸಿದಳು. ಮಕ್ತುಮ್ ಸಾಬನ ಭಟ್ಟಿಗೆ ತಗಡಿನ ಗೂಡು ಹೇಳಲು ಒಂದು ಭಾನುವಾರ ಹರಿಹರಕ್ಕೆ ಹೊರಟಾಗ, ಮಾಬೂಬೀ ತಾನೂ ಬರುತ್ತೇನೆಂದು ಸ್ಕೂಟಿಯ ಹಿಂದೆ ಕೂತಳು. ಸೊಸೆಯ ಸೊಂಟ ಹಿಡಿದು ಅಷ್ಟು ದೂರ ಹೋದದ್ದು ಅವಳಿಗೆ ಅದೇ ಮೊದಲು. ತುಂಬಿದ ಹೊಳೆಯನ್ನು ನೋಡಿಬರೋಣ ಎಂದು ಬುಷ್ರಾ ಅವಳನ್ನು ಸೇತುವೆಯವರೆಗೂ ಕರೆದುಕೊಂಡು ಹೋದಳು.

ಮುರುಗೇಶಪ್ಪನವರ ಹೆಂಡತಿ ಕಸ್ತೂರಮ್ಮ, "ಬರ್ರಿ ಬರ್ರಿ, ಕೂಡ್ರಿ, ಉಂಡೇ ಹೋಗ್ಬೇಕು" ಎಂದು ಅಡುಗೆಮನೆಗೆ ಎಳೆದುಕೊಂಡರು. ಮಾಬೂಬೀ ಒಲೆಯ ಪಕ್ಕ ಮಣೆಯ ಮೇಲೆ ಕೂತಳು. ಬುಷ್ರಾಳ ಚೀಲದಲ್ಲಿದ್ದ ಹೊಸ ಡಬ್ಬಿಯನ್ನು ತೆಗೆದು, ಹೇಗೆ ಕೆಲಸ ಮಾಡುತ್ತದೆಂದು ಕಸ್ತೂರಮ್ಮನಿಗೆ ವಿವರಿಸಿದವಳು ಮಾಬೂಬೀಯೇ. ಎರಡು ಸೆನ್ಸರು, ಒಂದು ದೂಳಿಗೆ, ಒಂದು ಗ್ಯಾಸಿಗೆ, ಕಾಣದ್ದೂ ಒಂದೈತೆ ನೋಡ್ರಿ. ಬಾಗಿಲಲ್ಲಿ ನಿಂತ ಬುಷ್ರಾ ಒಂದು ಮಾತನ್ನೂ ತಿದ್ದಲಿಲ್ಲ.

ಕಸ್ತೂರಮ್ಮ ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿದು ಹಾಕಿದರು. ಘಾಟು ಎದ್ದು ಮೂವರೂ ಕೆಮ್ಮಿದರು. ದೂಳಿನ ಅಂಕಿ ನೆಗೆದು ಕೆಂಪು ದೀಪ ಹತ್ತಿತು, ಪೀಪಿ ಕೂಗಿತು.

"ಇದೇನವ್ವಾ, ನನ್ನ ಸಾರಿಗೂ ಕೂಗ್ತೈತೆ!" ಎಂದರು ಕಸ್ತೂರಮ್ಮ ಕಣ್ಣೊರೆಸಿಕೊಳ್ಳುತ್ತ.

"ಆ ಕಿಟಕಿ ಯಾಕ ಮುಚ್ಚೈತೆ ಅಕ್ಕಾರೆ?" ಮಾಬೂಬೀ ಕೇಳಿದಳು.

"ಅದು ಬಣ್ಣ ಹಚ್ಚಿಸಿದಾಗ ಅಂಟಿಕೊಂಡದ್ದು. ಆಮ್ಯಾಲೆ ತೆಗೆದೇ ಇಲ್ಲ. ಊರಿನೋರ ಒಲೆ ಎಲ್ಲಾ ರಿಪೇರಿ ಮಾಡ್ತಾರೆ, ಮನೆ ಕಿಟಕಿಗೆ ನಮ್ಮ ಯಜಮಾನ್ರಿಗೆ ಪುರುಸೊತ್ತಿಲ್ಲ."

ಶೆಡ್ಡಿನಿಂದ ಈ ಮಾತು ಕೇಳಿಸಿಕೊಂಡ ಮುರುಗೇಶಪ್ಪನವರು ಉಳಿ, ಸುತ್ತಿಗೆ ಹಿಡಿದು ಬಂದರು. ಚೌಕಟ್ಟಿನ ಸುತ್ತ ಬಣ್ಣ ಕೆತ್ತಿ, ನಾಲ್ಕು ಏಟು ಹಾಕಿದರು. ಅಲುಗಲಿಲ್ಲ. ಬುಷ್ರಾ ಹೊರಗಿನಿಂದ ಎಳೆದಳು. ಮಾಬೂಬೀ ಸೆರಗು ಸಿಕ್ಕಿಸಿಕೊಂಡು ಒಳಗಿನಿಂದ ಭುಜ ಕೊಟ್ಟಳು. ಕಿಟಕಿ ಕಿರ್ರೆಂದು ತೆರೆದುಕೊಂಡಿತು. ಘಾಟೆಲ್ಲ ಹೊರಗೆ ನುಗ್ಗಿ ಬುಷ್ರಾಳ ಮುಖಕ್ಕೇ ಬಡಿದು, ಅವಳು ಸೀನುತ್ತ ಹಿತ್ತಲಲ್ಲಿ ಕೂತುಬಿಟ್ಟಳು. ಕಸ್ತೂರಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, ಇಷ್ಟು ವರ್ಷ ಗೋಡೆ ಸುತ್ತಿ ಹೋಗಿ ಮಾತಾಡಿಸಬೇಕಿದ್ದ ಆಚೆ ಬದಿಯ ಮನೆಯ ಸರೋಜಾಳನ್ನು, ಒಂದು ತಟ್ಟೆ ಹೆಚ್ಚಿಗೆ ಇಡ್ತೀನಿ, ಊಟಕ್ಕೆ ಬಾ ಎಂದು ಅಲ್ಲಿಂದಲೇ ಕೂಗಿ ಕರೆದರು.